ಮೇಜು ಕುಟ್ಟಿದ ಅತ್ತಿಗೆ

ನಮ್ಮ ಅತ್ತಿಗೆ ನಗರಸಭೆ ಸದಸ್ಯೆಯಾದದ್ದು ಅವರ ಇಷ್ಟದಿಂದಲ್ಲ, ನಮ್ಮಮ್ಮನ ಬಲವಂತದಿಂದ. ಅಮ್ಮ ಮಾರುಕಟ್ಟೆಯಲ್ಲಿ ತರಕಾರಿ ಮಾರುವವಳು. ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವರು. ಒಬ್ಬರ ಬಾಯಿ ಎಷ್ಟು ದೊಡ್ಡದೋ ಇನ್ನೊಬ್ಬರದು ಅಷ್ಟೇ ಚಿಕ್ಕದು. ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ, ಇವರಿಗೆ ಮಾತು ಬರುತ್ತದೋ ಇಲ್ಲವೋ ಎಂದು ನಾನೇ ಅಣ್ಣನನ್ನು ಕೇಳಿದ್ದೆ. "ಬರುತ್ತೆ, ನೀವಿಬ್ರೂ ಬಿಟ್ರೆ ತಾನೆ" ಎಂದಿದ್ದ. ನಾನು ಬಸ್ ಕಂಡಕ್ಟರ್. ಅಮ್ಮನ ಗಂಟಲು, ಅಮ್ಮನ ಮೂಗಿನ ತುದಿಯ ಕೋಪ ಎರಡೂ ನನ್ನ ಪಾಲಿಗೆ ಬಂದವು. ಅಪ್ಪನ ತಾಳ್ಮೆ ಪೂರ್ತಿ ಅಣ್ಣನಿಗೇ ಹೋಯಿತು.

ಅಂಥ ಅತ್ತಿಗೆಯನ್ನು ಚುನಾವಣೆಗೆ ನಿಲ್ಲಿಸಿದ್ದಕ್ಕೆ ಕಾರಣ ಮಾರುಕಟ್ಟೆಯ ಹಿಂದಿರುವ ಹೆಂಗಸರ ಶೌಚಾಲಯ. ಸಾಲಾಗಿ ಕೆಲವು ಕೋಣೆಗಳು, ಮೇಲೆ ತಗಡು, ಅಷ್ಟೇ. ತರಕಾರಿಯವರು, ಮೀನಿನವರು, ಹಣ್ಣಿನವರು, ಕಸ ಗುಡಿಸುವವರು, ಇಷ್ಟು ಹೆಂಗಸರಿಗೂ ಇರುವುದು ಅದೊಂದೇ. ಹೆಸರು ಹೇಳಲು ನಾಚಿಕೆಯಾಗಿ ಎಲ್ಲರೂ ಅದನ್ನು "ಹಿಂದ್ಗಡೆ" ಎನ್ನುತ್ತಾರೆ. "ಸ್ವಲ್ಪ ನನ್ನ ಅಂಗಡಿ ನೋಡ್ಕೊಳೇ, ಹಿಂದ್ಗಡೆ ಹೋಗ್ಬರ್ತೀನಿ" ಎಂದರೆ ಮುಗಿಯಿತು. ಆದರೆ ಹೋಗಿ ಬರುವುದು ಅಷ್ಟು ಸುಲಭವಲ್ಲ. ಒಂದು ಬಾಗಿಲಿಗೂ ಚಿಲಕವಿಲ್ಲ. ನಲ್ಲಿ ಇದೆ, ನೀರಿಲ್ಲ. ಹಾಗಾಗಿ ಈ ಹೆಂಗಸರು ಬೆಳಗ್ಗೆ ಅಂಗಡಿ ಹಾಕಿದಾಗಿನಿಂದ ಸಂಜೆ ಎತ್ತುವವರೆಗೆ ಆದಷ್ಟು ನೀರನ್ನೇ ಕುಡಿಯುವುದಿಲ್ಲ. ಬೇಸಿಗೆಯಲ್ಲೂ ಹಾಗೇ ಇದ್ದುಬಿಡುತ್ತಾರೆ.

ಹಿಂದೆ ಇದ್ದ ಸದಸ್ಯರ ಹತ್ತಿರ ಅಮ್ಮ ಹೋಗಿ ಹೋಗಿ ಚಪ್ಪಲಿ ಸವೆಸಿದಳು. ಆ ಮನುಷ್ಯ ಹಲ್ಲು ಕಿರಿದು, "ಇದೆಲ್ಲ ಸಭೇಲಿ ಮಾತಾಡೋ ವಿಷಯಾನಾ ಅಜ್ಜಿ" ಎಂದನಂತೆ. ಅಜ್ಜಿ ಎಂದದ್ದಕ್ಕೋ, ಮಾತಾಡುವುದಿಲ್ಲ ಎಂದದ್ದಕ್ಕೋ, ಅಮ್ಮನಿಗೆ ರೇಗಿತು. ಮುಂದಿನ ಚುನಾವಣೆಯಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಗಿದ್ದೇ ತಡ, ಮಾರುಕಟ್ಟೆಯ ಹೆಂಗಸರನ್ನೆಲ್ಲ ಸೇರಿಸಿ, "ನಮ್ಮವಳೊಬ್ಬಳನ್ನ ಕಳಿಸೋಣ. ಅವಳಿಗೆ ಅಲ್ಲಿ ಒಂದೇ ಕೆಲಸ. ಬಾಗಿಲಿಗೆ ಚಿಲಕ, ನಲ್ಲಿಗೆ ನೀರು" ಎಂದಳು. ನೀವೇ ನಿಲ್ಲಿ ಎಂದರು ಅವರು. "ನಾನು ಹೋದ್ರೆ ಮೊದಲನೇ ದಿನವೇ ಹೊಡೆದಾಟ ಆಗುತ್ತೆ. ಓದು ಬರಹ ಬಲ್ಲವಳು, ಮೆತ್ತಗೆ ಮಾತಾಡೋಳು ಬೇಕು. ನನ್ನ ಸೊಸೆ ಇದಾಳಲ್ಲ" ಎಂದಳು ಅಮ್ಮ. ಸೊಸೆಯನ್ನು ಯಾರೂ ಕೇಳಲಿಲ್ಲ. ಅವರು ಗೆದ್ದ ದಿನ ಮಾರುಕಟ್ಟೆಯಲ್ಲಿ ಹೆಂಗಸರು ಸುತ್ತುಗಟ್ಟಿ ಅವರ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಚಿಲಕ ಮರೀಬೇಡಮ್ಮ."

ಸಭೆ ತಿಂಗಳಿಗೊಮ್ಮೆ, ಬೆಳಗಿನ ಹೊತ್ತು. ನನ್ನ ಪಾಳಿ ಮಧ್ಯಾಹ್ನದ ಮೇಲೆ. ಹಾಗಾಗಿ ಅತ್ತಿಗೆ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. "ನೀನು ಸುಮ್ನೆ ಕೂತಿರು ಸಾಕು. ಗುರುತಿನ ಮುಖ ಒಂದಿದ್ರೆ ನನಗೆ ಧೈರ್ಯ" ಎನ್ನುತ್ತಿದ್ದರು. ಸಭಾಂಗಣ ಎಂದರೆ ಉದ್ದನೆಯ ಒಂದು ಕೋಣೆ. ಕುದುರೆ ಲಾಳದ ಹಾಗೆ ಬಾಗಿದ ಮೇಜು, ಅದರ ಹಿಂದೆ ಮರದ ಕಟಕಟೆ, ಕಟಕಟೆಯ ಈಚೆ ವೀಕ್ಷಕರ ಬೆಂಚು. ವೀಕ್ಷಕರು ಬಾಯಿ ಬಿಡುವ ಹಾಗಿಲ್ಲ ಎಂದು ಗೋಡೆಯ ಮೇಲೆ ಬರೆದಿದ್ದರು. ದಿನವಿಡೀ ಕಿರುಚುವ ಕೆಲಸದವಳು ನಾನು. ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವುದೇ ಒಂದು ಶಿಕ್ಷೆಯಾಗಿತ್ತು.

ಆ ಸಭೆಯಲ್ಲಿ ಕೈ ಎತ್ತುವುದಿಲ್ಲ, ಎಣಿಸುವುದೂ ಇಲ್ಲ. ಗುಮಾಸ್ತ ಎದ್ದು ನಿಂತು ವಿಷಯ ಓದುತ್ತಾನೆ. ಅಧ್ಯಕ್ಷರು ಕನ್ನಡಕದ ಮೇಲಿಂದ ಸುತ್ತ ನೋಡಿ "ಆಗಬಹುದಲ್ಲ?" ಎನ್ನುತ್ತಾರೆ. ಸದಸ್ಯರು ಮೇಜು ಕುಟ್ಟುತ್ತಾರೆ. ಕುಟ್ಟಿದರೆ ಪಾಸು. ಅದರಲ್ಲೂ ತರಾವರಿ ಇದೆ. ತನ್ನ ವಾರ್ಡಿನ ಕೆಲಸವಾದರೆ ಇಡೀ ಅಂಗೈ, ಸ್ನೇಹಿತನದಾದರೆ ಬೆರಳ ಗೆಣ್ಣು, ಆಗದವನದಾದರೆ ಎರಡೇ ಬೆರಳು, ಅದೂ ಸೊಳ್ಳೆ ಕೂತಿತೇನೋ ಎಂಬಂತೆ. ಆದರೆ ಕುಟ್ಟದೆ ಇರುವವರು ಯಾರೂ ಇಲ್ಲ. ಇವತ್ತು ನಾನು ನಿನ್ನದಕ್ಕೆ ಕುಟ್ಟಿದರೆ ನಾಳೆ ನೀನು ನನ್ನದಕ್ಕೆ ಕುಟ್ಟುತ್ತೀಯ ಎಂಬುದು ಅಲ್ಲಿಯ ನಡವಳಿಕೆ. ಮೊದಲ ಸಭೆಯಲ್ಲಿ ಅತ್ತಿಗೆ ಆ ಸದ್ದಿಗೆ ಬೆಚ್ಚಿಬಿದ್ದರು. ಎರಡನೆಯ ಸಭೆಯ ಹೊತ್ತಿಗೆ ಅವರೂ ಮೆಲ್ಲಗೆ ತಟ್ಟುವುದನ್ನು ಕಲಿತರು.

ಹಿಂದ್ಗಡೆಯ ವಿಷಯವನ್ನು ಅವರು ಬಂದ ಹೊಸದರಲ್ಲೇ ಬರೆದು ಕೊಟ್ಟಿದ್ದರು. "ಸಾಲಲ್ಲಿ ಇದೆ ಮೇಡಂ, ಬರುತ್ತೆ" ಎನ್ನುತ್ತಿದ್ದ ಗುಮಾಸ್ತ. ಮೂರನೆಯ ಸಭೆಯಲ್ಲಿ ಅದು ಬರಲಿಲ್ಲ, ಬದಲಿಗೆ ಅದರ ಜೊತೆಗೇ ಅತ್ತಿಗೆ ಬರೆದು ಕೊಟ್ಟಿದ್ದ, ನಮ್ಮ ಬೀದಿಯ ತಿರುವಿಗೆ ಒಂದು ದೀಪದ ವಿಷಯ ಬಂತು. ಆ ತಿರುವಿನ ಕತ್ತಲೆಯಲ್ಲಿ ಎಡವದವರೇ ಇಲ್ಲ. ಅಧ್ಯಕ್ಷರು "ನಮ್ಮ ಹೊಸ ಸದಸ್ಯೆಯ ಮೊದಲ ಬೇಡಿಕೆ, ಜೋರಾಗಿ ಆಗಲಿ" ಎಂದರು. ಇಡೀ ಸಭೆ ಅಂಗೈಯಿಂದ ಕುಟ್ಟಿತು. ಲೋಟದ ನೀರು ತುಳುಕಿತು. ಅತ್ತಿಗೆಯ ಮುಖ ನೋಡಬೇಕಿತ್ತು. ಮದುವೆ ದಿನವೂ ಅವರು ಅಷ್ಟು ಕೆಂಪಾಗಿರಲಿಲ್ಲ.

ಮುಂದಿನ ವಿಷಯವನ್ನು ಗುಮಾಸ್ತ ಒಂದೇ ಉಸಿರಿಗೆ ಓದಿದ. ಆಸ್ತಿ ಸಂಖ್ಯೆ ಇಂಥದ್ದರ ಶಿಥಿಲ ಕಟ್ಟಡ ತೆರವುಗೊಳಿಸುವುದು, ಸದರಿ ಜಾಗದಲ್ಲಿ ವಾಹನ ನಿಲುಗಡೆಗೆ ವ್ಯವಸ್ಥೆ ಮಾಡುವುದು. ಆಗಬಹುದಲ್ಲ? ಎಲ್ಲರೂ ಕುಟ್ಟಿದರು. ಎಲ್ಲರಿಗಿಂತ ಜೋರಾಗಿ ಕುಟ್ಟಿದವರು ನಮ್ಮ ಅತ್ತಿಗೆ. ತಮ್ಮ ದೀಪಕ್ಕೆ ಅಷ್ಟೊಂದು ಕುಟ್ಟಿದವರ ಋಣ ತೀರಿಸುವ ಸಂಭ್ರಮ ಅವರಿಗೆ. ಅತ್ತಿಗೆ ಪರವಾಗಿಲ್ಲ, ಚುರುಕಾದರು ಎಂದು ನಾನು ಕೂತಲ್ಲೇ ಹೆಮ್ಮೆಪಟ್ಟೆ.

ಸಭೆ ಮುಗಿದ ಮೇಲೆ ಜವಾನ ಟೀ ಲೋಟ ಎತ್ತುತ್ತ ನಮ್ಮ ಹತ್ತಿರ ಬಂದ. ದಪ್ಪ ಮನುಷ್ಯ, ಎಲ್ಲರ ಸುದ್ದಿಯೂ ಅವನಿಗೆ ಬೇಕು. "ಒಳ್ಳೇದಾಯ್ತು ಬಿಡಿ ಮೇಡಂ. ಮಾರ್ಕೆಟ್ ಹಿಂದ್ಗಡೆ ಆ ಗಬ್ಬು ಕೋಣೆಗಳು ತೊಲಗಿದ್ರೆ ಗಾಡಿ ನಿಲ್ಲಿಸೋಕೆ ಜಾಗ ಆಗುತ್ತೆ" ಎಂದ.

"ಯಾವ ಕೋಣೆಗಳು?" ಎಂದರು ಅತ್ತಿಗೆ.

"ಅದೇ ಮೇಡಂ, ಹೆಂಗಸರದ್ದು. ನೀವೇ ಕುಟ್ಟಿದ್ರಲ್ಲ."

ಅತ್ತಿಗೆ ತಮ್ಮ ಬಲಗೈಯನ್ನೇ ನೋಡುತ್ತ ಕೂತರು.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಗುಮಾಸ್ತನನ್ನು ಬೈದೆ, ಅಧ್ಯಕ್ಷರನ್ನು ಬೈದೆ, ಕಟ್ಟಡಗಳಿಗೆ ಸಂಖ್ಯೆ ಕೊಟ್ಟವರನ್ನೂ ಬೈದೆ. ಅವತ್ತು ನನಗೆ ವಾರದ ರಜೆ, ಮನೆಯಲ್ಲೇ ಇದ್ದೆ. ಸಂಜೆ ಅಮ್ಮ ಖಾಲಿ ಬುಟ್ಟಿ ಇಳಿಸುತ್ತಲೇ ಕೇಳಿದಳು:

"ನಮ್ಮದು ಬಂತೇನಮ್ಮ?"

"ಮುಂದಿನ ಸಭೆಗೆ ಬರುತ್ತಂತೆ ಅತ್ತೆ."

"ಬರಲಿ, ಬರಲಿ. ಎಲ್ಲರಿಗೂ ಹೇಳಿಬಿಟ್ಟಿದೀನಿ. ನನ್ನ ಸೊಸೆ ಬಾಯಿ ತೆಗೆಯೋದು ಕಡಿಮೆ, ತೆಗೆದ್ಲು ಅಂದ್ರೆ ಕೆಲಸ ಮುಗಿಸೇ ಮುಚ್ಚೋದು ಅಂತ."

ಅತ್ತಿಗೆ ಒಳಗೆ ಹೋದರು. ಹೊಲಿಗೆ ಯಂತ್ರದ ಸದ್ದು ಕೇಳಿತು, ನಿಂತಿತು, ಮತ್ತೆ ಕೇಳಿತು. ನಾನು ಹೋಗಿ ನೋಡಿದರೆ ಒಂದೇ ಅಂಗಿಗೆ ಎರಡು ಎಡತೋಳು ಜೋಡಿಸಿ ಕೂತಿದ್ದರು.

ಮರುದಿನವೇ ನಾವು ಪೌರಾಯುಕ್ತರನ್ನು ನೋಡಲು ಹೋದೆವು. ನಗರಸಭೆಯ ಅಧಿಕಾರಿಗಳಲ್ಲಿ ಅವರೇ ದೊಡ್ಡವರು. ಸದಾ ನೆಗಡಿ, ಕೈಯಲ್ಲಿ ಕರವಸ್ತ್ರ. ಮನುಷ್ಯ ಒಳ್ಳೆಯವರು, ಆದರೆ ತಮ್ಮ ನೆರಳಿಗೂ ಹೆದರುವವರು. ಅತ್ತಿಗೆ ನಡೆದದ್ದು ಹೇಳಿದರು. ಅವರು ಮೂಗೊರೆಸಿಕೊಂಡು ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು: "ನೋಡೀಮ್ಮ, ಮುಂದಿನ ಸಭೆ ಶುರುವಾದ ಕೂಡಲೇ ಹಿಂದಿನ ಸಭೇಲಿ ತೀರ್ಮಾನ ಆಗಿದ್ದನ್ನ ಬರೆದ ನಡಾವಳಿ ಓದಿ, ಸರಿ ಇದೆ ಅಂತ ದೃಢೀಕರಿಸ್ತಾರೆ. ಒಂದು ನಿಮಿಷದ ಕೆಲಸ, ಯಾರೂ ಕೇಳಿಸ್ಕೊಳ್ಳೋದೂ ಇಲ್ಲ. ಆವಾಗ ನೀವು ಎದ್ದು ಆಕ್ಷೇಪಣೆ ಇದೆ ಅನ್ನಬೇಕು. ಅಲ್ಲಿ ಬಿಟ್ರೆ ಮುಗೀತು, ಆಮೇಲೆ ಯಾರ ಕೈಲೂ ಆಗಲ್ಲ."

"ಆಕ್ಷೇಪಣೆ ಇದೆ ಅಂದ್ರೆ ಸಾಕಾ ಸರ್?"

"ಯಾಕೆ ಅಂತ ಕೇಳ್ತಾರಲ್ಲ. ನೀವೇ ಒಪ್ಪಿದ್ರಿ ಅಂತ ಇದೆ. ಒಪ್ಪಿದ್ದು ತಪ್ಪಾಯ್ತು ಅಂತ ನೀವೇ ಹೇಳಬೇಕಾಗುತ್ತೆ."

ಹೊರಗೆ ಮೆಟ್ಟಿಲ ಮೇಲೆ ಅತ್ತಿಗೆ ನಿಂತುಬಿಟ್ಟರು. "ಅಷ್ಟು ಗಂಡಸರ ಮಧ್ಯೆ ಎದ್ದು ನಿಂತು, ನನಗೆ ಅರ್ಥ ಆಗ್ಲಿಲ್ಲ ಅಂತ ಹೇಳಬೇಕು. ಅದು ಮಾರ್ಕೆಟ್‌ಗೆ ಗೊತ್ತಾಗುತ್ತೆ. ಅತ್ತೆಗೆ ಗೊತ್ತಾಗುತ್ತೆ" ಎಂದರು.

"ಮೊದಲು ಅಮ್ಮನಿಗೆ ಹೇಳಿಬಿಡಿ ಅತ್ತಿಗೆ. ಒಂದು ದಿನ ಕೂಗಾಡ್ತಾಳೆ, ಮುಗಿಯುತ್ತೆ."

"ಹಾಗಾದ್ರೆ ನೀನೇ ಹೇಳು."

ಬಸ್ಸಿನಲ್ಲಿ ಕುಡುಕರನ್ನು ಕತ್ತುಹಿಡಿದು ಇಳಿಸಿದವಳು ನಾನು. ಆ ಮಾತಿಗೆ, ಪಾಳಿಗೆ ಹೊತ್ತಾಯಿತು ಎಂದು ಮೆಟ್ಟಿಲಿಳಿದೆ.

ಆ ವಾರದಲ್ಲೇ ಅಧ್ಯಕ್ಷರು ಮನೆಗೆ ಬಂದರು. ಮೊಮ್ಮಗಳ ಸಮವಸ್ತ್ರಕ್ಕೆ ಬಟ್ಟೆ ತಂದಿದ್ದರು. ನಿಜವಾದ ಕೆಲಸ ಬೇರೆ ಇತ್ತು ಎನ್ನುವುದು ಅವರು ಚಪ್ಪಲಿ ಬಿಡುವಾಗಲೇ ಗೊತ್ತಾಯಿತು. ಊರಿನಲ್ಲಿ ದೊಡ್ಡ ಪೀಠೋಪಕರಣದ ಅಂಗಡಿ ಇಟ್ಟವರು, ಬೆಣ್ಣೆಯಂಥ ಮಾತು. ಅಮ್ಮ ಮಾರುಕಟ್ಟೆಯಲ್ಲಿದ್ದಳು. ಜವಾನನ ಮೂಲಕವೋ ಪೌರಾಯುಕ್ತರ ಮೂಲಕವೋ, ನಾವು ಹೋಗಿ ಕೇಳಿದ್ದು ಅವರ ಕಿವಿಗೆ ಬಿದ್ದಿತ್ತು.

"ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ ತಾಯಿ" ಎಂದರು. "ಆದ್ರೆ ಸುಮ್ನೆ ಯಾಕೆ ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತೀರಿ? ಆ ಕಟ್ಟಡ ಇವತ್ತಲ್ಲ ನಾಳೆ ಬೀಳೋದೇ. ಮೇಲಿನಿಂದ ಆದೇಶ ಬಂತು, ಯಾರೂ ಏನೂ ಮಾಡೋಕಾಗ್ಲಿಲ್ಲ ಅಂತ ಮಾರ್ಕೆಟ್‌ನಲ್ಲಿ ನಾನೇ ಹೇಳ್ತೀನಿ. ನಿಮ್ಮ ಮಾತು ಎಲ್ಲೂ ಬರಲ್ಲ. ನೀವು ಕುಟ್ಟಿದ್ದು ಆ ಕೋಣೆ ಬಿಟ್ಟು ಆಚೆ ಹೋಗಲ್ಲ."

ಅತ್ತಿಗೆ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ಇದ್ದರು. "ಅವರು ಎಲ್ಲಿಗೆ ಹೋಗಬೇಕು ಅಂತೀರಿ?" ಎಂದು ಮೆಲ್ಲಗೆ ಕೇಳಿದರು.

"ಯಾರು?"

"ಮಾರ್ಕೆಟ್ ಹೆಂಗಸರು."

ಅಧ್ಯಕ್ಷರು ಕೆಮ್ಮಿದರು. "ನೋಡೋಣ ತಾಯಿ, ಮುಂದೆ ಏನಾದ್ರೂ ಮಾಡೋಣ" ಎಂದು ಎದ್ದರು. ಬಾಗಿಲಲ್ಲಿ ತಿರುಗಿ ನಿಂತು, ತಿರುವಿನ ದೀಪ ಬಂದಿದೆಯಲ್ಲ, ಚೆನ್ನಾಗಿ ಉರಿಯುತ್ತಿದೆಯಾ ಎಂದು ವಿಚಾರಿಸಿಕೊಂಡು ಹೋದರು.

ಸತ್ಯ ಹೇಳುತ್ತೇನೆ, ಅವರು ಹೋದ ಮೇಲೆ ನನಗೇ ಆಸೆಯಾಯಿತು. ಬಾಯಿ ಮುಚ್ಚಿಕೊಂಡು ಇದ್ದರೆ ಅತ್ತಿಗೆಯ ಮರ್ಯಾದೆ ಉಳಿಯುತ್ತದೆ, ಮನೆಯಲ್ಲಿ ರಂಪವಾಗುವುದಿಲ್ಲ. ಬಾಯಿ ಬಿಟ್ಟರೆ ಮಾನ ಹೋಗುವುದು ಖಂಡಿತ, ಕಟ್ಟಡ ಉಳಿಯುವುದು ಮಾತ್ರ ಅನುಮಾನ. ಅತ್ತಿಗೆಯ ತಲೆಯಲ್ಲೂ ಇದೇ ಓಡುತ್ತಿತ್ತು. ಅವರು ಸರಿಯಾಗಿ ಊಟ ಮಾಡುವುದನ್ನು ಬಿಟ್ಟರು. ಅಮ್ಮ ಎದುರಿಗೆ ಕೂತರೆ ತಟ್ಟೆಯಿಂದ ಕಣ್ಣೆತ್ತುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಸಾಕು, ಸುದ್ದಿ ಬಂತೇನೋ ಎಂದು ಬೆದರುತ್ತಿದ್ದರು. ಅಣ್ಣ ಮಾತ್ರ "ಸದಸ್ಯೆ ಆದ್ಮೇಲೆ ಯೋಚನೆ ಜಾಸ್ತಿ" ಎಂದು ನಗುತ್ತಿದ್ದ. ಅವನಿಗೂ ಹೇಳಿರಲಿಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಅಷ್ಟರಲ್ಲಿ ಅಮ್ಮ ಮಲಗಿದಳು. ಕಿಬ್ಬೊಟ್ಟೆ ನೋವು, ಚಳಿ ಜ್ವರ. ಅತ್ತಿಗೆ, ನಾನು ಇಬ್ಬರೂ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಮೂತ್ರದ ಸೋಂಕು, ಇದು ಮೊದಲನೇ ಸಲವೂ ಅಲ್ಲ ಎಂದರು. "ನೀರು ಕುಡಿಯಲ್ವಾ? ಬಂದಾಗ ತಡ್ಕೊಂಡು ಕೂರ್ತೀರಾ? ಹೀಗೇ ಮಾಡಿದ್ರೆ ಕಿಡ್ನಿಗೆ ಹೋಗುತ್ತೆ" ಎಂದು ಗದರಿದರು.

ನಮ್ಮಮ್ಮ ಗದರಿಸಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. "ಕುಡಿದ್ರೆ ಹೋಗಬೇಕಲ್ಲ ತಾಯಿ" ಎಂದಳು. "ಇನ್ನು ಸ್ವಲ್ಪ ದಿನ ಅಷ್ಟೇ. ನನ್ನ ಸೊಸೆ ಎಲ್ಲ ಸರಿ ಮಾಡಿಸ್ತಾಳೆ. ಇವಳೇ ನೋಡಿ, ನಗರಸಭೆ ಮೆಂಬರು."

ಡಾಕ್ಟರಮ್ಮ ಅತ್ತಿಗೆಯನ್ನು ನೋಡಿ ನಕ್ಕರು. ಅತ್ತಿಗೆ ಔಷಧಿ ಚೀಟಿ ತೆಗೆದುಕೊಂಡು ಸರಸರನೆ ಹೊರಗೆ ನಡೆದರು. ನಾನು ಹಿಂದೆ ಹೋದರೆ, ಔಷಧಿ ಅಂಗಡಿಯ ಪಕ್ಕದ ಗೋಡೆಗೆ ಮುಖ ಮಾಡಿ ನಿಂತು ಬಿಕ್ಕುತ್ತಿದ್ದರು. "ಹೇಳ್ತೀನಿ. ಸಭೇಲಿ ಹೇಳ್ತೀನಿ. ಆದ್ರೆ ಅತ್ತೆಗೆ ಈಗ ಬೇಡ, ಜ್ವರ ಇದೆ. ಸಭೆ ಮುಗಿದ ಮೇಲೆ ಹೇಳ್ತೀನಿ" ಎಂದರು. ಜ್ವರ ಒಂದು ನೆಪ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಭೆಯ ದಿನ ಬೆಳಗ್ಗೆ ನಾವು ಬೇಗನೇ ಹೊರಟೆವು. ಅಮ್ಮ ಚೇತರಿಸಿಕೊಂಡು ಆಗಲೇ ಮಾರುಕಟ್ಟೆಗೆ ಹೋಗಿದ್ದಳು. ದಾರಿಯಲ್ಲಿ ಅತ್ತಿಗೆ ತಾವು ಆಡಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದರು. ಮಾತು ಪ್ರತಿ ಸಲವೂ ಬೇರೆಯಾಗುತ್ತಿತ್ತು. ಅವರು ತಮ್ಮ ಕುರ್ಚಿಯಲ್ಲಿ ಹೋಗಿ ಕೂತರು, ನಾನು ಕಟಕಟೆಯ ಈಚೆ ಬೆಂಚಿನ ಮೇಲೆ.

ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಗುಜುಗುಜು ಕೇಳಿತು. ತಿರುಗಿ ನೋಡಿದರೆ ನಮ್ಮಮ್ಮ. ಅವಳ ಹಿಂದೆ ಈರುಳ್ಳಿಯವಳು, ಮೀನಿನವಳು, ಕಸ ಗುಡಿಸುವ ಇಬ್ಬರು, ಇನ್ನೂ ಯಾರಾರೋ. ಎಲ್ಲರೂ ತಲೆ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಅಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ ಕೂತಳು.

"ನೀನ್ಯಾಕೆ ಬಂದೆ ಅಮ್ಮ?"

"ಇವತ್ತು ನಮ್ಮ ವಿಷಯ ಅಲ್ವಾ? ಸೊಸೆ ಮಾತಾಡೋದು ನೋಡೋಣ ಅಂತ ಎಲ್ಲರನ್ನೂ ಕರ್ಕೊಂಡು ಬಂದೆ."

ಅತ್ತಿಗೆಯೂ ನೋಡಿದರು. ಎದುರು ಸಾಲಿನಿಂದ ಅಧ್ಯಕ್ಷರು ಅವರನ್ನೂ ನೋಡಿದರು, ನಮ್ಮ ಬೆಂಚನ್ನೂ ನೋಡಿದರು, ಮೆಲ್ಲಗೆ ತಲೆಯಾಡಿಸಿದರು. ಬೇಡ ತಾಯಿ ಎಂದು ಹೇಳಿದ ಹಾಗಿತ್ತು ಅದು. ಓಡಿಹೋಗಿ ಅಮ್ಮನನ್ನು ಎಳೆದುಕೊಂಡು ಹೊರಗೆ ಹೋಗಿಬಿಡಲೇ ಎಂದು ನನಗೆ ಅನ್ನಿಸಿತು. ಆದರೆ ಗುಮಾಸ್ತ ಆಗಲೇ ಎದ್ದು ನಿಂತಿದ್ದ.

"ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು" ಎಂದ. ಓದಿದ ಎನ್ನುವುದಕ್ಕಿಂತ ಗುನುಗಿದ. ಅಧ್ಯಕ್ಷರು ಅವನ ಮಾತು ಮುಗಿಯುವ ಮೊದಲೇ "ಆಗಬಹುದಲ್ಲ?" ಎಂದರು. ಆಗಲೇ ಒಂದಿಬ್ಬರು ಕುಟ್ಟಿದರು.

ಅತ್ತಿಗೆ ಎದ್ದು ನಿಂತರು. ಕುರ್ಚಿ ಕಿರ್ರೆಂದಿತು.

"ನನ್ನದೊಂದು ಆಕ್ಷೇಪಣೆ ಇದೆ."

"ಯಾವುದಕ್ಕೆ ತಾಯಿ?"

"ಆ ಶಿಥಿಲ ಕಟ್ಟಡ ಕೆಡವೋ ವಿಷಯಕ್ಕೆ."

"ಅದಕ್ಕೆ ಎಲ್ಲರಿಗಿಂತ ಜೋರಾಗಿ ಕುಟ್ಟಿದ್ದು ನೀವೇ ಅಲ್ವಾ?" ಎಂದರು ಅಧ್ಯಕ್ಷರು. ಅಲ್ಲಲ್ಲಿ ನಗು ಎದ್ದಿತು.

"ಹೌದು" ಎಂದರು ಅತ್ತಿಗೆ. ಅವರು ಅಧ್ಯಕ್ಷರನ್ನು ನೋಡುತ್ತಿರಲಿಲ್ಲ, ಮೇಜನ್ನು ನೋಡುತ್ತಿದ್ದರು. "ನಾನೇ ಕುಟ್ಟಿದ್ದು. ಅದು ಯಾವ ಕಟ್ಟಡ ಅಂತ ಗೊತ್ತಿಲ್ದೆ ಕುಟ್ಟಿದೆ. ಕೇಳಿದ್ರೆ ದಡ್ಡಿ ಅಂತೀರೇನೋ ಅಂತ ಕೇಳಲೂ ಇಲ್ಲ. ಅದು ಮಾರ್ಕೆಟ್ ಹೆಂಗಸರ ಟಾಯ್ಲೆಟ್ಟು. ಅದಕ್ಕೆ ಚಿಲಕ ಹಾಕಿಸ್ತೀನಿ ಅಂತ ಮಾತು ಕೊಟ್ಟು ನಾನು ಇಲ್ಲಿಗೆ ಬಂದಿದ್ದು. ಚಿಲಕ ಹಾಕಿಸೋದು ಬಿಟ್ಟು, ಅದನ್ನೇ ಕೆಡವೋಕೆ ಒಪ್ಪಿಗೆ ಕೊಟ್ಟೆ."

ಪಕ್ಕದಲ್ಲಿದ್ದ ಅಮ್ಮನ ಕಡೆ ತಿರುಗುವ ಧೈರ್ಯ ನನಗಿರಲಿಲ್ಲ. ಮೀನಿನವಳು "ಏನಂದ್ಲು, ಏನಂದ್ಲು" ಎಂದು ಈರುಳ್ಳಿಯವಳನ್ನು ತಿವಿಯುತ್ತಿದ್ದಳು.

ಸೋಡಾ ಕಾರ್ಖಾನೆಯ ಮಾಲೀಕರಾದ ಒಬ್ಬ ಸದಸ್ಯರು ಕುರ್ಚಿಗೆ ಒರಗಿ ಹೇಳಿದರು: "ಸಿಕ್ಕಿದ್ದನ್ನೆಲ್ಲ ಕುಟ್ಟೋಕೆ ಇದೇನು ಮೆಣಸಿನಪುಡಿ ಗಿರಣಿನಾ ಮೇಡಂ?"

ಈ ಸಲ ಇಡೀ ಸಭೆ ನಕ್ಕಿತು. ಜವಾನ ನಕ್ಕ. ಪೌರಾಯುಕ್ತರು ಕರವಸ್ತ್ರ ಅಡ್ಡ ಹಿಡಿದರು. ಅತ್ತಿಗೆಯ ಕಣ್ಣು ತುಂಬಿ ಬಂತು. ಮೇಜಿನ ಅಂಚು ಹಿಡಿದುಕೊಂಡು ಹಾಗೇ ನಿಂತರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಆ ಸೋಡಾದವನಿಗೆ ನಾಲ್ಕು ಮಾತು ಬಿಗಿಯಬೇಕು ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಅಮ್ಮ ಎದ್ದು ನಿಂತಳು.

ಅಮ್ಮ ಕೂಗಲಿಲ್ಲ. ಅವಳಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

"ಅವಳನ್ನ ಬೈಯೋದಿದ್ರೆ ನಾವು ಮನೇಲಿ ಬೈತೀವಿ" ಎಂದಳು. "ನೀವು ನಗಬೇಡಿ."

ನಗು ನಿಂತಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು "ವೀಕ್ಷಕರು ಮಾತಾಡೋ ಹಾಗಿಲ್ಲ" ಎಂದರು.

"ಮಾತಾಡೋ ಹಾಗಿರೋಳನ್ನ ಅಲ್ಲಿ ನಿಲ್ಲಿಸಿದೀವಿ. ಅವಳನ್ನ ಮಾತಾಡೋಕೆ ಬಿಡಿ. ನಾನು ಆಚೆ ಹೋಗ್ತೀನಿ."

ಜವಾನ ಬರುವ ಮೊದಲೇ ಅವಳು ಬೆಂಚು ದಾಟಿ ಹೊರಗೆ ನಡೆದಳು. ಉಳಿದವರು ಏನು ಮಾಡಬೇಕೆಂದು ತಿಳಿಯದೆ ಕೂತೇ ಇದ್ದರು. ಅತ್ತಿಗೆ ಅಮ್ಮ ಹೋದ ಬಾಗಿಲನ್ನೇ ನೋಡಿದರು. ಆಮೇಲೆ ಅಂಗೈಯಿಂದ ಕಣ್ಣೊರೆಸಿಕೊಂಡು ಉಳಿದದ್ದನ್ನು ಹೇಳಿದರು. ಬಾಯಿಪಾಠ ಮಾಡಿದ್ದು ಒಂದೂ ಅದರಲ್ಲಿರಲಿಲ್ಲ. ಹೆಂಗಸರು ನೀರು ಕುಡಿಯದೆ ಕೂರುವುದನ್ನು ಹೇಳಿದರು, ತಡೆದುಕೊಳ್ಳುವುದನ್ನು ಹೇಳಿದರು, ಸೋಂಕಿನ ಮಾತು ಹೇಳಿದರು. ಗಂಡಸರು ಚಾವಣಿ ನೋಡಿದರು, ಪೆನ್ನು ನೋಡಿದರು. "ಅದನ್ನ ಕೆಡವಿದ ಮೇಲೆ ಅವರು ಎಲ್ಲಿಗೆ ಹೋಗಬೇಕು ಅಂತ ಇಲ್ಲಿ ಯಾರಾದ್ರೂ ನನಗೆ ಹೇಳಿ. ನಾನು ಹೋಗಿ ಅವರಿಗೆ ಹೇಳ್ತೀನಿ" ಎಂದು ಕೂತರು.

ಕೊನೆಗೆ ಪೌರಾಯುಕ್ತರು ಒಮ್ಮೆ ಸೀನಿ, ಆಕ್ಷೇಪಣೆ ಬಂದ ಮೇಲೆ ದೃಢೀಕರಿಸಲು ಬರುವುದಿಲ್ಲ, ಈ ಒಂದು ವಿಷಯವನ್ನು ಮುಂದಿನ ಸಭೆಯಲ್ಲಿ ಮತ್ತೆ ಚರ್ಚಿಸಬಹುದು ಎಂದರು. ಅಧ್ಯಕ್ಷರು ಅವರತ್ತ ಒಂದು ನೋಟ ಬೀರಿ, "ಸರಿ, ಮುಂದಿನ ಸಭೆಗೆ" ಎಂದರು. ಗೆದ್ದೆವು ಎನ್ನುವ ಹಾಗಿಲ್ಲ, ಸೋತೆವು ಎನ್ನುವ ಹಾಗೂ ಇಲ್ಲ. ಇನ್ನೊಂದು ತಿಂಗಳು ಕಾಯಬೇಕು, ಅಷ್ಟೇ.

ಹೊರಗೆ ಬಂದಾಗ ಅಮ್ಮ ಇರಲಿಲ್ಲ. ಮಾರುಕಟ್ಟೆಗೂ ಹೋಗಿರಲಿಲ್ಲ. ಈರುಳ್ಳಿಯವಳು ಅತ್ತಿಗೆಯ ಮುಖ ನೋಡದೆ "ಬರ್ತೀವಮ್ಮ" ಎಂದಷ್ಟೇ ಹೇಳಿ ಉಳಿದವರೊಂದಿಗೆ ಹೊರಟಳು. ಅತ್ತಿಗೆಗೆ ಅದು ಆಳವಾಗಿ ನಾಟಿತು. ಮನೆಗೆ ಬಂದರೆ ಅಮ್ಮ ಮುಂದಿನ ಕೋಣೆಯಲ್ಲಿ, ಹೊಲಿಯುವ ಬಟ್ಟೆಗಳ ರಾಶಿಯ ಪಕ್ಕದಲ್ಲಿ ಕೂತಿದ್ದಳು. ನಾನು ಆ ದಿನ ಪಾಳಿಗೆ ಹೋಗಲಿಲ್ಲ. ಇವರಿಬ್ಬರನ್ನೇ ಬಿಟ್ಟುಹೋಗಲು ಭಯವಾಯಿತು.

ಹೇಳಿದ ಮಾತಿನಂತೆ ಅಮ್ಮ ಬೈದಳು.

"ಅರ್ಥ ಆಗದಿದ್ರೆ ಏನದು ಅಂತ ಕೇಳೋಕೇನಾಗಿತ್ತು? ಅರ್ಥ ಆಗೋರು ಅಲ್ಲಿ ಬೇಕಾದಷ್ಟು ಜನ ಇದ್ರಲ್ಲ, ಮತ್ತೆ ನಿನ್ನ ಯಾಕೆ ಕಳಿಸಿದ್ವಿ? ನಮಗೂ ಅರ್ಥ ಆಗಲ್ಲ, ನಿನಗೂ ಅರ್ಥ ಆಗಲ್ಲ, ನೀನು ಕೇಳ್ತೀಯ ಅಂತ ತಾನೆ."

"ತಪ್ಪಾಯ್ತು ಅತ್ತೆ."

"ತಪ್ಪು ಎಲ್ಲರೂ ಮಾಡ್ತಾರೆ. ಮಾಡಿದ ದಿನವೇ ನನಗ್ಯಾಕೆ ಹೇಳ್ಲಿಲ್ಲ? ಒಂದು ತಿಂಗಳು ದಿನಾ ನನ್ನ ಮುಂದೆ ಕೂತು ಊಟ ಮಾಡಿದೆಯಲ್ಲ. ನಾನು ಊರೆಲ್ಲ ನಿನ್ನ ಹೊಗಳ್ಕೊಂಡು ತಿರುಗ್ತಿದ್ದೆ."

ಅತ್ತಿಗೆ ನಿಂತಲ್ಲೇ ನಿಂತಿದ್ದರು. "ನಿಮಗೆ ಹೆದರಿ" ಎಂದರು.

"ನನಗಾ? ಅಲ್ಲಿ ಅಷ್ಟು ಜನ ಗಂಡಸರ ಮುಂದೆ ಎದ್ದು ನಿಂತು ಹೇಳಿದೆಯಲ್ಲ. ಅವರಿಗೆ ಹೆದರ್ಲಿಲ್ವಾ?"

"ಹೆದರಿದೆ ಅತ್ತೆ. ನಿಮಗೆ ಹೆದರಿದಷ್ಟಲ್ಲ."

ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಮ್ಮನ ಮುಖ ನೋಡಿ ನಗು ಬರಲಿಲ್ಲ. ಬೈಯಲು ತೆರೆದ ಬಾಯಿ ಹಾಗೇ ತೆರೆದಿತ್ತು. ಅವಳು ನನ್ನ ಕಡೆ ತಿರುಗಿದಳು. ನಾನು ಇಲ್ಲ ಎನ್ನುತ್ತೇನೆ ಎಂದುಕೊಂಡಿದ್ದಳು.

"ಏನೇ, ನಿಜಾನಾ ಇದು?"

"ನಿಜ ಅಮ್ಮ" ಎಂದೆ. "ನನಗೂ ಗೊತ್ತಿತ್ತು. ನಾನೂ ಹೆದರಿದೆ."

ಅಮ್ಮ ತಲೆ ತಗ್ಗಿಸಿದಳು. ತೊಡೆಯ ಮೇಲೆ ಬಿದ್ದಿದ್ದ ದಾರದ ಚೂರುಗಳನ್ನು ಒಂದೊಂದಾಗಿ ತೆಗೆಯುತ್ತ ಕೂತಳು. ಇವಳು ಅಳುತ್ತಾಳೇನೋ ಎಂದು ನನಗೆ ಗಾಬರಿಯಾಯಿತು. ಅಮ್ಮ ಅತ್ತರೆ ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

"ಮುಂದಿನ ಸಭೇಲಿ ಏನಾಗುತ್ತೆ?" ಎಂದು ಕೊನೆಗೆ ಕೇಳಿದಳು.

ಅತ್ತಿಗೆ ಏನೋ ಸಮಾಧಾನದ ಮಾತು ಹೇಳಲು ಹೋಗಿ ತಡೆದರು. "ಗೊತ್ತಿಲ್ಲ ಅತ್ತೆ" ಎಂದರು.

ಅಮ್ಮ ಬಟ್ಟೆಯ ರಾಶಿಯನ್ನು ಆಚೆ ಸರಿಸಿ ತನ್ನ ಪಕ್ಕದಲ್ಲಿ ಜಾಗ ಮಾಡಿದಳು.

"ಬಾ, ಕೂತ್ಕೋ" ಎಂದಳು. "ನನಗೂ ಗೊತ್ತಿಲ್ಲ. ನನಗೂ ಹೆದರಿಕೆ ಆಗ್ತಿದೆ."